ಬೀದರದ ಕೆಂಗಲ್ಲ ನೆಲವೂ ಅಲ್ಲಿ ನೆಲಸಿದ ಜನವೂ

ಬೀದರ ಪಟ್ಟಣವು 2,000 ಅಡಿಗೂ ಮಿಗಿಲಾದ ಎತ್ತರದಲ್ಲಿ, ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿರುವದು. ಭಾಲ್ಕಿ, ಔರಾದಗಳ ಕಡೆಗೆ ನಡೆದರೆ ಕೆಂಪು ಮರೆಯಾಗಿ ಎರೆಯ ಭೂಮಿ ಕಾಣುವದು. ಈ ಕೆಂಗಲ್ಲಿನಲ್ಲಿ ಹೊನ್ನಿಲ್ಲ, ವಜ್ರವಿಲ್ಲ. ಆದರೂ ಅಗೆದವರನ್ನು ಅದು ಬರಿಗೈಯಲ್ಲಿ ಕಳುಹಲಿಲ್ಲ. ಕಡಿಯುವಾಗ ಮೃದುವಾಗಿದ್ದು ಗಾಳಿ ತಾಗಿದಂತೆ ಬಿಗಿಯುವ ಕಲ್ಲು ಕಟ್ಟಡಕ್ಕೆ ಒದಗಿತು. ಮಳೆಯ ನೀರು ಅದರ ರಂಧ್ರಗಳಲ್ಲಿಳಿದು, ಕೆಳಗಣ ಗಟ್ಟಿ ಪದರವನ್ನು ಮುಟ್ಟಿ, ಅಂಚಿನಲ್ಲಿ ಝರಿಯಾಗಿ ಚಿಮ್ಮಿತು. ಜನವಸತಿಗೆ ಈ ನೀರೇ ಆಧಾರ.

12ನೆಯ ಶತಮಾನದಲ್ಲಿ ಸಮೀಪದ ಕಲ್ಯಾಣಕ್ಕೆ ನಾನಾ ದೇಶಗಳಿಂದ ಶರಣರು ಬಂದುದು ಸದ್ಭಕ್ತರಿಗೆ ವಿದಿತವೇ ಇದೆ. 15ನೆಯ ಶತಮಾನದಲ್ಲಿ ಬಹಮನಿ ಅರಸನಾದ ಅಹಮದ ಶಹನು (1422–1436) ಕಲಬುರ್ಗಿಯಿಂದ ರಾಜಧಾನಿಯನ್ನು ಬೀದರಕ್ಕೆ ತಂದನು. ಕೋಟೆಯ ಕಂದಕವನ್ನು ಈ ಬಂಡೆಯಲ್ಲಿಯೇ ಕೊರೆದರು. ಇರಾಣದಿಂದ ವಿದ್ವಾಂಸರೂ ಸರದಾರರೂ ಬಂದು ನೆಲಸಿದರು. ಗೀಲಾನದ ಮಹಮೂದ ಗವಾನನು 1472ರಲ್ಲಿ ಮದರಸವನ್ನು ಕಟ್ಟಿಸಿದನು. ಸತುವಿಗೆ ಅಲ್ಪ ತಾಮ್ರ ಬೆರಸಿ, ಬೆಳ್ಳಿಯನ್ನು ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಬಿದರಿ ಕುಸುರಿಯಲ್ಲಿ ಹಿಂದೂ ಮುಸಲ್ಮಾನ ಕುಶಲಿಗರಿಬ್ಬರ ಕೈಯೂ ಇರುವದು. ಊರಿನ ಒಂದು ಝರಿಯನ್ನು ಸಿಖ್ಖರು ಗುರು ನಾನಕರ ಪ್ರಸಾದವೆಂದು ಪೂಜಿಸುವರು. 1699ರ ಪಂಚಪ್ಯಾರರಲ್ಲೊಬ್ಬರಾದ ಭಾಯಿ ಸಾಹಿಬ ಸಿಂಗರು ಬೀದರದವರೇ.

ಆದರೆ ಇವೆಲ್ಲಕ್ಕಿಂತಲೂ ಶ್ರೀಮಠದ ಶಿಷ್ಯರ ಮನಸ್ಸನ್ನು ತಡೆದು ನಿಲ್ಲಿಸತಕ್ಕುದು ಅಷ್ಟೂರಿನ ಗೋರಿ. ಅಹಮದ ಶಹನನ್ನು ಮುಸಲ್ಮಾನರು ವಲಿಯೆನ್ನುವರು. ಲಿಂಗವಂತರಲ್ಲಿ ಅನೇಕರು ಅಲ್ಲಮಪ್ರಭುವೆಂದೇ ನಂಬುವರು. ಹೋಳಿ ಹುಣ್ಣಿಮೆಯ ತರುವಾಯ ನಡೆಯುವ ಉರುಸಿಗೆ ಕಲಬುರ್ಗಿ ಸೀಮೆಯ ಮಾಡಿಯಾಳದ ಜಂಗಮರು ಪರಿವಾರದೊಡನೆ ಬಂದು, ಶಂಖವನ್ನೂದಿ, ಗೋರಿಯ ಮುಂದೆ ಕಾಯಿ ಒಡೆಯುವರು. ಉರುಸಿನ ದಿನವನ್ನು ಗೊತ್ತು ಮಾಡುವದು ಹಿಂದೂ ಪಂಚಾಂಗ! ಗುಲಾಮ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಬೀದರದ ಇತಿಹಾಸಗ್ರಂಥದಲ್ಲಿಯೂ ಈ ಸಂಪ್ರದಾಯವನ್ನು ದಾಖಲಿಸಿರುವರು. ಅರಸನು ಅಲ್ಲಮನಾದುದು ಹೇಗೆಂದು ಚರಿತ್ರಕಾರನು ಕೇಳಬಹುದು. ಕಾಯಿ ಒಡೆಯುವ ಭಕ್ತನು ಕೇಳಿದವನಲ್ಲ.

ಈ ಒಕ್ಕಲಿನಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ನುಡಿಗಳು ಬಾಳಿದವು. ತೊಡಕು ಹುಟ್ಟಿದುದು ಶಾಲೆಯಲ್ಲಿ. ನಿಜಾಮರ ಆಳಿಕೆಯಲ್ಲಿ ಉರ್ದುವೇ ರಾಜಭಾಷೆಯಾಗಿರಲು, ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರು. ಆ ಫಲಕದ ಮರೆಯಿಲ್ಲದಿದ್ದರೆ ಗಡಿಯ ಎಷ್ಟೋ ಮಕ್ಕಳಿಗೆ ಕನ್ನಡದ ಅಕ್ಷರ ದೊರೆಯುತ್ತಿರಲಿಲ್ಲ. 1948ರಲ್ಲಿ ನಿಜಾಮರ ಆಳಿಕೆ ಮುಗಿಯಿತು. 1956ರ ನವೆಂಬರ 1ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯವನ್ನು ಸೇರಿದವು. ಅದೇ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯದ ಪಾಲಾದವು. ಗೆರೆಯ ಆಚೆಯೂ ಕನ್ನಡ ನುಡಿಯುವ ಮನೆತನಗಳು ಉಳಿದವು.