ಕೆಮ್ಮಣ್ಣು ಮತ್ತು ಕಾವಿ: ಗೋಡೆಯ ಮೇಲಿನ ಕೆಂಪಿನ ಚರಿತ್ರೆ

ಕೆಂದಾವರೆ, ಕೆಂದಳಿರು, ಕೆಂದುಟಿ, ಕೆಂಗಣ್ಣು ಎಂಬ ಸಮಾಸಪದಗಳು ಕಾವ್ಯದ ಓದುಗರಿಗೆ ಚಿರಪರಿಚಿತ. ಅದೇ ಸಾಲಿಗೆ ಸೇರಿದ ‘ಕೆಮ್ಮಣ್ಣು’ ಕಾವ್ಯಕ್ಕಿಂತ ಹೆಚ್ಚಾಗಿ ಮನೆಯ ಗೋಡೆಯೊಂದಿಗೆ ಬಾಳಿದ ಪದ. ಕರ್ನಾಟಕದ ಹಳೆಯ ಮನೆಗಳ ಒಳಾಂಗಣದಲ್ಲಿ ಕೆಂಪು ಎಂಬುದು ಬಹುಕಾಲ ಅಂಗಡಿಯಿಂದ ಕೊಂಡು ತಂದ ಬಣ್ಣವಾಗಿರಲಿಲ್ಲ; ಕಾಲ ಕೆಳಗಿನ ನೆಲವೇ ಗೋಡೆಗೇರಿದ ರೂಪವಾಗಿತ್ತು.

ಈ ಮಣ್ಣಿನ ಕೆಂಪಿಗೆ ಕಾರಣ ಅದರಲ್ಲಿರುವ ಕಬ್ಬಿಣದ ಆಕ್ಸೈಡ್. ಬಿಸಿಲಿಗೆ ಬೇಗ ಮಾಸದಿರುವುದು ಅದರ ಗುಣ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಗೈತಿಹಾಸಿಕ ಕಾಲದ ಕೆಂಪು ಚಿತ್ರಗಳು ಇಂದಿಗೂ ಕಾಣಸಿಗುತ್ತವೆ.

ಈ ಕೆಂಪನ್ನು ಗೋಡೆಗೆ ತಂದ ಎರಡು ಪರಂಪರೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಮೊದಲನೆಯದು ಮಲೆನಾಡಿನ ದೀವರ ಹಸೆ ಚಿತ್ತಾರ. ಮದುವೆಯ ಸಂದರ್ಭದಲ್ಲಿ ಗೋಡೆಗೆ ಕೆಮ್ಮಣ್ಣು ಬಳಿದು, ಹೆಂಗಸರು ಪುಂಡಿ ನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಗೆರೆಗಳನ್ನು ಎಳೆಯುತ್ತಾರೆ. ಇಲ್ಲಿ ಕೆಂಪು ಹಿನ್ನೆಲೆ, ಬಿಳಿ ಬರಹ. ಎರಡನೆಯದು ಕರಾವಳಿಯ ಕಾವಿ ಕಲೆ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಅದರ ಮೇಲೆ ಕೆಂಪನ್ನು ಬಳಿದು, ಮೊನಚಾದ ಸಲಕರಣೆಯಿಂದ ಕೆರೆಯುತ್ತಾರೆ. ಕೆರೆದೆಡೆಯಲ್ಲಿ ಅಡಿಯ ಬಿಳುಪು ಕಾಣುತ್ತದೆ, ಕೆರೆಯದೆ ಬಿಟ್ಟಲ್ಲಿ ಕೆಂಪು ಉಳಿಯುತ್ತದೆ. ಮೊದಲನೆಯದರಲ್ಲಿ ಚಿತ್ರ ಮೂಡುವುದು ಸೇರಿಸುವುದರಿಂದ, ಎರಡನೆಯದರಲ್ಲಿ ಕಳೆಯುವುದರಿಂದ.

ಈ ಕೆಂಪಿನ ಅರ್ಥವೂ ಒಂದೇ ಅಲ್ಲ. ಹಸೆಗೋಡೆಯ ಕೆಂಪು ಗೃಹಸ್ಥಾಶ್ರಮದ ಪ್ರವೇಶಕ್ಕೆ ಸಾಕ್ಷಿ. ಮನೆಯನ್ನೇ ತೊರೆದ ಸನ್ಯಾಸಿಯ ಬಟ್ಟೆಯ ಬಣ್ಣವೂ ‘ಕಾವಿ’ಯೇ. ಒಂದೇ ಮಣ್ಣಿನ ಬಣ್ಣ ಮನೆ ಕಟ್ಟುವವನಿಗೂ ಬಿಡುವವನಿಗೂ ಸಲ್ಲುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಕೆಂಪು ನೆಲಕ್ಕಿಳಿಯಿತು. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ, ಕರಣೆಯಿಂದ ಉಜ್ಜಿ ನಯಗೊಳಿಸಿದ ನೆಲ ಪಟ್ಟಣದ ಮನೆಗಳಲ್ಲಿ ಸಾಮಾನ್ಯವಾಯಿತು. ಮುಂದೆ ಮೊಸಾಯಿಕ್, ಗ್ರಾನೈಟ್, ಟೈಲ್ಸ್ ಅದರ ಸ್ಥಾನವನ್ನು ಪಡೆದವು.

ಆದರೆ ಎಲ್ಲ ನಷ್ಟವೂ ಒಂದೇ ಬಗೆಯದಲ್ಲ. ಹಸೆ ಚಿತ್ತಾರ ಮತ್ತೆ ಮತ್ತೆ ಬರೆಯಬೇಕಾದ ಕಲೆ. ಅದು ಕೈಯಿಂದ ಕೈಗೆ ಸಾಗುತ್ತದೆ. ಹೀಗಾಗಿ ಗೋಡೆ ಬಿದ್ದರೂ ಕಾಗದ, ಬಟ್ಟೆಗಳ ಮೇಲೆ ಬದುಕಿತು. ಕಾವಿಯಾದರೋ ಗಾರೆಯೊಳಗೇ ಬೆರೆತದ್ದು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗುಡಿಗಳ ಗಾರೆ ಕಿತ್ತಾಗ ಚಿತ್ರವೂ ಅದರೊಡನೆ ಹೋಯಿತು. ಅದೇ ಕೆಂಪಿನ ಎಣ್ಣೆಬಣ್ಣ ಬಳಿದರೆ ಬಣ್ಣ ಮರಳಬಹುದು, ಗೆರೆ ಮರಳದು. ಕೃಷ್ಣಾನಂದ ಕಾಮತರು ಕಾವಿ ಚಿತ್ರಗಳನ್ನು ದಾಖಲಿಸಿದ್ದರ ಮಹತ್ವ ಇಲ್ಲಿದೆ.

ಶಾಸನದ ಕಲ್ಲನ್ನು ಓದುವ ಶ್ರದ್ಧೆಯಿಂದಲೇ ಗೋಡೆಯನ್ನೂ ಓದಬೇಕಾಗಿದೆ. ಉಳಿದಿರುವ ಚಿತ್ರಗಳ ಜೊತೆಗೆ, ಮಣ್ಣು ಸೋಸುವ, ಗಾರೆ ಅರೆಯುವ, ಗೆರೆ ಕೆರೆಯುವ ಕೆಲಸದ ನುಡಿಗಳನ್ನು ಬಲ್ಲವರು ಇರುವಾಗಲೇ ಬರೆದಿಡುವುದು ಕನ್ನಡ ಸಂಶೋಧಕರ ಹೊಣೆ.