ಗೊಂಬೆಗೆ ಉಸಿರು ಕೊಟ್ಟವರು

ಹೆಣ್ಣುಮಕ್ಕಳಿಗೂ ಗೊಂಬೆಗೂ ಇರುವ ನಂಟು ಹಳೆಯದು. ಆದರೆ ಬಾಯಿಗೆ ಬಾಯಿಟ್ಟು ಉಸಿರೂದಬೇಕಾದ ಗೊಂಬೆಯೊಂದು ಶಾಲೆಯ ಕೋಣೆಗೆ ಬಂದ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತಿರಲಾರದು.

ಮೊದಲೆಲ್ಲ ನೀರಿನಿಂದ ಎತ್ತಿದವರನ್ನು ಬೋರಲು ಮಲಗಿಸಿ, ಬೆನ್ನೊತ್ತಿ, ತೋಳೆತ್ತಿ ಉಸಿರು ತರಿಸಲು ನೋಡುತ್ತಿದ್ದರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಾ. ಪೀಟರ್ ಸಾಫರ್ ಪ್ರಯೋಗ ಮಾಡಿ, ಅದಕ್ಕಿಂತ ಬಾಯಿಂದ ಬಾಯಿಗೆ ಉಸಿರೂದುವುದೇ ಮೇಲೆಂದು ತೋರಿಸಿದರು. ಅಳದೆ ಹುಟ್ಟಿದ ಕೂಸಿಗೆ ಉಸಿರೂದುವುದು ಸೂಲಗಿತ್ತಿಯರಿಗೆ ಎಂದಿನಿಂದಲೋ ಗೊತ್ತಿತ್ತು; ಡಾಕ್ಟರುಗಳು ಒಪ್ಪುವುದಕ್ಕೆ ಪ್ರಯೋಗ ಬೇಕಾಯಿತು, ಅಷ್ಟೆ! 1960ರಲ್ಲಿ ಅದೇ ಊರಿನಿಂದ ಎದೆಯೊತ್ತುವ ವಿಧಾನವೂ ಪ್ರಕಟವಾಯಿತು.

ಕಲಿಯುವುದು ಯಾರ ಮೇಲೆ? ನಾರ್ವೆಯ ಸ್ಟಾವಂಗರ್‌ನಲ್ಲಿ ಓಸ್ಮುಂಡ್ ಲೇರ್ಡಾಲ್ ಎಂಬವರು ಆಟಿಕೆ ತಯಾರಿಸುತ್ತಿದ್ದರು. ನೀರಿಗೆ ಬಿದ್ದ ತಮ್ಮ ಪುಟ್ಟ ಮಗನನ್ನು ತಾವೇ ಎಳೆದು ಉಳಿಸಿಕೊಂಡಿದ್ದವರು. ಡಾ. ಬ್ಯೋರ್ನ್ ಲಿಂಡ್ ಅವರೂ ಸಾಫರ್ ಅವರೂ ಜೊತೆಗೂಡಿದಾಗ, 1960ರಲ್ಲಿ ಆಳೆತ್ತರದ 'ಆನ್' ಗೊಂಬೆ ಸಿದ್ಧವಾಯಿತು. ಅದರ ಮುಖ ಒಬ್ಬ ಹುಡುಗಿಯದು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್‌ನಲ್ಲಿ ಸೇನ್ ನದಿಯಿಂದ ಎತ್ತಿದ ಅನಾಮಿಕಳದೆಂದು ಕಥೆ ಕಟ್ಟಿಕೊಂಡ ಮುಖವಾಡವೊಂದು ಯುರೋಪಿನ ಮನೆಮನೆಯ ಗೋಡೆಗಳಲ್ಲಿ ತೂಗುತ್ತಿತ್ತು. ಗಂಡು ಮುಖವಾದರೆ ಗಂಡಸರು ಬಾಯಿಡಲು ಹಿಂಜರಿದಾರು ಎಂಬುದು ಲೇರ್ಡಾಲರ ಲೆಕ್ಕ. ಯಾರೂ ಹೆಸರು ಕೇಳದೆ ಹೋದ ಹುಡುಗಿಗೆ ಸತ್ತ ಮೇಲೆ ಲೋಕವೆಲ್ಲ ಉಸಿರು ಕೊಟ್ಟಿತು ಎಂದರೆ ನನಗಂತೂ ಕರುಳು ಚುರುಕ್ಕೆನ್ನುತ್ತದೆ.

ನಾರ್ವೆ 1960ರ ದಶಕದ ಆರಂಭದಲ್ಲೇ ಈ ಗೊಂಬೆಯನ್ನು ಪ್ರಾಥಮಿಕ ಶಾಲೆಗೆ ಒಯ್ದಿತು. ಡೆನ್ಮಾರ್ಕ್ 2005ರಲ್ಲಿ ಶಾಲೆಗಳಲ್ಲಿ ಈ ಪಾಠವನ್ನು ಕಡ್ಡಾಯ ಮಾಡಿತು. ಅಲ್ಲಿ ದಾರಿಹೋಕರಿಂದ ಪ್ರಥಮ ನೆರವು ಸಿಕ್ಕ ರೋಗಿಗಳು 2001ರಲ್ಲಿ ನೂರಕ್ಕೆ 21, 2010ರಲ್ಲಿ 45. ಇದಕ್ಕೆ ಬೇರೆ ಕಾರಣಗಳೂ ಉಂಟು. ಯಾಕೆಂದರೆ ಕಾನೂನು ಬಂದರೂ ಹಲವು ಶಾಲೆಗಳಲ್ಲಿ ಪಾಠ ನಡೆಯಲೇ ಇಲ್ಲ. "ನಮಗೇ ಸರಿಯಾಗಿ ಬಾರದ್ದನ್ನು ಮಕ್ಕಳಿಗೆ ಹೇಗೆ ಕಲಿಸೋಣ?" ಎಂಬ ಅಳುಕು ಶಿಕ್ಷಕರದು. ಆದರೆ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಆರು ವರ್ಷ ನಡೆದ ಅಧ್ಯಯನ ಬೇರೆ ಮಾತು ಹೇಳಿತು: ತರಬೇತಿ ಪಡೆದ ಶಿಕ್ಷಕರು ಕಲಿಸಿದ ಮಕ್ಕಳು, ತುರ್ತು ವೈದ್ಯರು ಕಲಿಸಿದ ಮಕ್ಕಳಿಗಿಂತ ಹಿಂದೆ ಬೀಳಲಿಲ್ಲ. ಮಗ್ಗಿ ಬಾಯಿಪಾಠ ಮಾಡಿಸುವ ಜಾಣ್ಮೆ ಇಲ್ಲೂ ಕೈಹಿಡಿಯುತ್ತದೆ ಎನ್ನಿ.

ಒಂದು ವಿಪರ್ಯಾಸವಿದೆ. ಆನ್‌ಳ ಮುಖ ಹೆಣ್ಣಿನದು, ಎದೆ ಮಾತ್ರ ಚಪ್ಪಟೆ. ಅಮೆರಿಕದಲ್ಲಿ 2017ರಲ್ಲಿ ಹೊರಬಂದ ಲೆಕ್ಕದಂತೆ, ಸಾರ್ವಜನಿಕ ಸ್ಥಳದಲ್ಲಿ ಹೃದಯ ನಿಂತು ಕುಸಿದ ಗಂಡಸರಲ್ಲಿ ನೂರಕ್ಕೆ 45 ಮಂದಿಗೆ ದಾರಿಹೋಕರ ಕೈಯಾಸರೆ ಸಿಕ್ಕರೆ, ಹೆಂಗಸರಲ್ಲಿ 39 ಮಂದಿಗೆ. ಮುಟ್ಟಲು ಸಂಕೋಚ! ಅಲ್ಲೇ ಹಾಗಾದರೆ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ? ಶಾಲೆಯಲ್ಲಿ ಟೀಚರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಹುಡುಗರ ಮುಂದೆಯೇ ಇದನ್ನು ಮಾಡಿ ತೋರಿಸಿದರೆ ಆ ಸಂಕೋಚ ಸ್ವಲ್ಪವಾದರೂ ಕರಗೀತು.

ನಮ್ಮ ದೇಶದ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಸಾಮಾನ್ಯರಿಗೆಂದು ಹೇಳಿಕೊಟ್ಟ ಕ್ರಮದಲ್ಲಿ ಬಾಯಿಗೆ ಬಾಯಿಡಬೇಕಾಗಿಯೂ ಇಲ್ಲ. ವಯಸ್ಕರು ಕುಸಿದು, ಕೂಗಿದರೂ ಅಲುಗದೆ, ಉಸಿರಾಡದೆ ಬಿದ್ದಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ಅಂಗೈ ಮೇಲೆ ಅಂಗೈಯಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲ ಆಳಕ್ಕೆ ಒತ್ತುತ್ತಲೇ ಇರಬೇಕು. ಆನ್ ಇಲ್ಲದ ಶಾಲೆಯಲ್ಲಿ ಅಭ್ಯಾಸಕ್ಕೆ ಗಟ್ಟಿ ದಿಂಬೂ ಆದೀತು.