ದೊಡ್ಡ ಗಿಟಾರಿಸ್ಟ್ ಯಾರು? ತಾಳವಾಡಿ ಸೀಮೆಯಿಂದ ಒಂದು ಪ್ರಶ್ನೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ. ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಿದೆ.)

ದನಿ ಕೇಳಿಸ್ತಿದೆ ಅಂದ್ಕೋತೀನಿ. ಹೋದ ಸಲದ ಚರ್ಚೆಯ ಕೊನೆಗೆ ಎದ್ದ ಜಗಳವನ್ನೇ ಇವತ್ತು ಎತ್ತಿಕೊಳ್ತೀನಿ. ಆಧುನಿಕ ರಾಕ್ ಸಂಗೀತದಲ್ಲಿ ಅತಿ ದೊಡ್ಡ ಗಿಟಾರ್ ವಾದಕ ಯಾರು? ಕೆಲವರು ಜಿಮಿ ಹೆಂಡ್ರಿಕ್ಸ್ ಅಂದ್ರಿ, ಕೆಲವರು ಎಡ್ಡಿ ವ್ಯಾನ್ ಹೇಲನ್ ಅಂದ್ರಿ, ಒಬ್ಬರಂತೂ ಮಾರ್ಕ್ ನಾಫ್ಲರ್ ಹೆಸರು ಬಿಟ್ಟು ಕದಲಲಿಲ್ಲ. ಪಕ್ಷ ಹಿಡಿಯೋಕೆ ಮೊದಲು ಇತಿಹಾಸದ ವಿದ್ಯಾರ್ಥಿಗಳಾಗಿ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ ಅನ್ನೋದು ನನ್ನ ವಾದ. ಇಂಥ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುವವರು ಯಾರು? ಹೆಸರು ಎಲ್ಲೋ ಒಂದು ಕಡೆ ಅಚ್ಚಾಗಿದ್ದವರು ಮಾತ್ರ. ಹೆಸರು ಅಚ್ಚಾಗದವರು ಎಷ್ಟೇ ಚೆನ್ನಾಗಿ ನುಡಿಸಿದ್ದರೂ ಸ್ಪರ್ಧೆಯ ಒಳಕ್ಕೇ ಬರೋದಿಲ್ಲ. ಇದನ್ನ ನಾನು ನಮ್ಮ ತಾಳವಾಡಿ ಸೀಮೆಯನ್ನ ಇಟ್ಟುಕೊಂಡು ತೋರಿಸೋಕೆ ಪ್ರಯತ್ನ ಪಡ್ತೀನಿ.

1. ಪಟ್ಟಿಗೂ ಒಂದು ಇತಿಹಾಸ ಇದೆ

ಎಲ್ಲರಿಗೂ ಗೊತ್ತಿರುವ ಪಟ್ಟಿಗಳಿಂದಲೇ ಶುರು ಮಾಡೋಣ. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ ನೂರು ಜನ ಶ್ರೇಷ್ಠ ಗಿಟಾರ್ ವಾದಕರ ಪಟ್ಟಿ ಪ್ರಕಟಿಸಿತು. 2011ರಲ್ಲಿ ಗಿಟಾರ್ ವಾದಕರು ಮತ್ತು ತಜ್ಞರ ಒಂದು ತಂಡದಿಂದ ಮತ ಪಡೆದು ಮತ್ತೊಂದು ನೂರರ ಪಟ್ಟಿ ಮಾಡಿತು. 2023ರಲ್ಲಿ ಪಟ್ಟಿ 250ಕ್ಕೆ ಬೆಳೆಯಿತು. ಮೂರರಲ್ಲೂ ಮೊದಲ ಹೆಸರು ಹೆಂಡ್ರಿಕ್ಸ್. ಹಾಗಾದರೆ ತಕರಾರೇನು ಅಂತ ಕೇಳಬಹುದು. ಮೊದಲನೆಯ ಸ್ಥಾನ ಬಿಟ್ಟು ಸ್ವಲ್ಪ ಕೆಳಗೆ ನೋಡಿ.

2003ರ ನೂರು ಹೆಸರಲ್ಲಿ ಹೆಂಗಸರು ಇಬ್ಬರೇ: ಜೋನಿ ಮಿಚೆಲ್ ಮತ್ತು ಜೋನ್ ಜೆಟ್. 2023ರಲ್ಲಿ ಸಿಸ್ಟರ್ ರೊಸೆಟಾ ಥಾರ್ಪ್ ಆರನೆಯ ಸ್ಥಾನದಲ್ಲಿದ್ದಾರೆ, ಜೋನಿ ಮಿಚೆಲ್ ಒಂಬತ್ತನೆಯ ಸ್ಥಾನದಲ್ಲಿ. ಥಾರ್ಪ್ ತೀರಿಕೊಂಡದ್ದು 1973ರಲ್ಲಿ. ಚರ್ಚಿನ ಗಾಸ್ಪೆಲ್ ಹಾಡುಗಳಿಗೆ ಎಲೆಕ್ಟ್ರಿಕ್ ಗಿಟಾರ್ ಹಿಡಿದ ಕಪ್ಪು ಹೆಣ್ಣುಮಗಳು ಆಕೆ. ಸತ್ತು ಐವತ್ತು ವರ್ಷ ಆದಮೇಲೆ ಆಕೆಯ ಕೈಚಳಕ ಹೆಚ್ಚಾಗೋಕೆ ಸಾಧ್ಯ ಇಲ್ಲ ಅಲ್ವಾ? ಬದಲಾದದ್ದು ಅಳೆಯುವವರು. ಹಾಗೇನೇ 2011ರಲ್ಲಿ ಎರಡನೆಯವರಾಗಿದ್ದ ಎರಿಕ್ ಕ್ಲಾಪ್ಟನ್ 2023ರಲ್ಲಿ ಮೊದಲ ಹತ್ತರಲ್ಲೂ ಇಲ್ಲ. ಅವರ ಹಳೆಯ ರೆಕಾರ್ಡುಗಳೂ ಹಾಗೇ ಇವೆ.

ಅಳತೆಗೋಲೂ ಒಂದೇ ಅಲ್ಲ. ವ್ಯಾನ್ ಹೇಲನ್ ಪರ ವಾದಿಸುವವರು 1978ರ ಅವರ ಮೊದಲ ಆಲ್ಬಮ್ಮನ್ನ ಮುಂದಿಡ್ತಾರೆ, ಎರಡೂ ಕೈಬೆರಳಲ್ಲಿ ತಂತಿ ತಟ್ಟುವ ವೇಗವನ್ನ ತೋರಿಸ್ತಾರೆ. ಕೀತ್ ರಿಚರ್ಡ್ಸ್ ಪರ ಇರುವವರಿಗೆ ವೇಗ ಬೇಡ, ಲಯ ಸಾಕು. ಬಿ. ಬಿ. ಕಿಂಗ್ ಅಂದವರು ಒಂದೇ ಸ್ವರವನ್ನ ಎಳೆದು ನಿಲ್ಲಿಸುವ ರೀತಿಯನ್ನ ಹೇಳ್ತಾರೆ. ಒಂದೊಂದು ಪಕ್ಷವೂ ಬೇರೆ ಬೇರೆ ಗುಣವನ್ನ ‘ದೊಡ್ಡದು’ ಅಂತ ಕರೀತಿದೆ. ಹಾಗಾಗಿ ಈ ಪಟ್ಟಿಗಳನ್ನ ನಾವು ತೀರ್ಪು ಅಂತ ಓದೋದಕ್ಕಿಂತ, ಆಯಾ ಕಾಲದ ದಾಖಲೆ ಅಂತ ಓದಿದ್ರೆ ಹೆಚ್ಚು ಉಪಯೋಗ.

2. ತಾಳವಾಡಿಯಲ್ಲಿ ಗಿಟಾರ್ ಕೇಳಿದ್ದು

ಈಗ ನಮ್ಮ ಕಡೆಗೆ ಬರ್ತೀನಿ. ತಾಳವಾಡಿ ಈರೋಡ್ ಜಿಲ್ಲೆಗೆ ಸೇರಿದ್ದು. ಸತ್ಯಮಂಗಲದ ಕಡೆಯಿಂದ ಬರೋದಾದ್ರೆ ಬಣ್ಣಾರಿ ದಾಟಿ ದಿಂಬಂ ಘಾಟಿನ 27 ತಿರುವು ಹತ್ತಬೇಕು. ಚಾಮರಾಜನಗರಕ್ಕಾದ್ರೆ ಘಾಟಿ ಇಲ್ಲ, ಹತ್ತಿರದ ದಾರಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳೀತು. ಮನೆಮಾತು ಕನ್ನಡ, ಕಚೇರಿಮಾತು ತಮಿಳು. ಹಾಡು ಎರಡರಲ್ಲೂ.

ಹೊರಗಿನವರಿಗೆ ಈ ಸೀಮೆ ಗೊತ್ತಿರೋದು ಡಾ. ರಾಜ್‌ಕುಮಾರ್ ಅವರಿಂದ. ಅವರು 1929ರ ಏಪ್ರಿಲ್ 24ರಂದು ಹುಟ್ಟಿದ್ದು ಗಾಜನೂರಿನಲ್ಲಿ, 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನ ಅಪಹರಿಸಿದ್ದೂ ಅಲ್ಲಿಂದಲೇ. ಗಿಟಾರ್ ಚರ್ಚೆಯಲ್ಲಿ ರಾಜ್‌ಕುಮಾರ್ ಯಾಕೆ ಬಂದ್ರು? ಕಾರಣ ಇದೆ. ನಮ್ಮ ಕಡೆ ಗಿಟಾರ್ ಹಿಡಿದವರಿಗಿಂತ ಗಿಟಾರ್ ಕೇಳಿದವರು ಬಹಳ ಜಾಸ್ತಿ. ಕೇಳಿದ್ದು ರೇಡಿಯೊದಲ್ಲಿ, ಟಾಕೀಸಿನಲ್ಲಿ, ಆಮೇಲೆ ಕ್ಯಾಸೆಟ್ಟಿನಲ್ಲಿ. ಅಂದ್ರೆ ಸಿನಿಮಾ ಹಾಡಿನ ಒಳಗೆ.

ವ್ಯಾನ್ ಹೇಲನ್ ಮೊದಲ ಆಲ್ಬಮ್ ಬಂದ ಅದೇ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂತು. ಜಿ. ಕೆ. ವೆಂಕಟೇಶ್ ಸಂಗೀತದಲ್ಲಿ ರಾಜ್‌ಕುಮಾರ್ ‘ಇಫ್ ಯು ಕಮ್ ಟುಡೇ’ ಹಾಡಿದ್ರು. ಕಂಪನಿ ನಾಟಕದ ಹಾರ್ಮೋನಿಯಂ, ತಬಲಾ ಕೇಳಿ ಬೆಳೆದ ಗಾಜನೂರಿನ ಮನುಷ್ಯ, ಐವತ್ತರ ಹತ್ತಿರದಲ್ಲಿ, ಪಾಶ್ಚಾತ್ಯ ಲಯಕ್ಕೆ ಇಂಗ್ಲಿಷ್ ಹಾಡು ಹಾಡ್ತಾರೆ. ಎಷ್ಟೋ ವರ್ಷದ ಮೇಲೆ ಇಂಟರ್‌ನೆಟ್ಟಿನಲ್ಲಿ ಅದು ಕನ್ನಡ ಬರದವರಿಗೂ ತಲುಪಿತು. ಇಲ್ಲಿ ಒಂದು ವಿಷಯ ಗಮನಿಸಿ. ಆ ಹಾಡಿನ ಗಾಯಕ ನಮಗೆ ಗೊತ್ತು, ಸಂಗೀತ ನಿರ್ದೇಶಕ ಗೊತ್ತು, ನಿರ್ದೇಶಕರು ದೊರೈ–ಭಗವಾನ್ ಅಂತ ಗೊತ್ತು. ವಾದ್ಯ ನುಡಿಸಿದವರ ಹೆಸರನ್ನ ಯಾರೂ ಕೇಳಲ್ಲ.

3. ಹೆಸರಿಲ್ಲದ ಕೈಗಳು

ಇದು ಆ ಒಂದು ಹಾಡಿನ ಕಥೆ ಅಲ್ಲ, ವ್ಯವಸ್ಥೆಯ ಕಥೆ. ಆ ಕಾಲದ ಕನ್ನಡ ಸಿನಿಮಾ ಹಾಡುಗಳಲ್ಲಿ ಬಹುಪಾಲು ಧ್ವನಿಮುದ್ರಣ ಆಗ್ತಿದ್ದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ತಟ್ಟೆಯ ಮೇಲೆ, ಆಮೇಲೆ ಕ್ಯಾಸೆಟ್ಟಿನ ಹೊದಿಕೆ ಮೇಲೆ ಸಾಮಾನ್ಯವಾಗಿ ಇರ್ತಿದ್ದದ್ದು ಗಾಯಕರು, ಸಾಹಿತ್ಯ, ಸಂಗೀತ. ವಾದ್ಯಗಾರರು ದಿನದ ಕೂಲಿಗೆ ಬಂದು, ಎದುರಿಗಿಟ್ಟ ನೊಟೇಶನ್ ಓದಿ, ನುಡಿಸಿ, ಇನ್ನೊಂದು ಸ್ಟುಡಿಯೋಗೆ ಓಡ್ತಿದ್ರು. ಗಾಯಕರೂ ವಾದ್ಯವೃಂದವೂ ಒಟ್ಟಿಗೆ ಕೂತು ಮುದ್ರಿಸುವ ಪದ್ಧತಿ ಇದ್ದಾಗ ಒಬ್ಬರ ಬೆರಳು ಜಾರಿದ್ರೆ ಇಡೀ ಟೇಕ್ ಮತ್ತೆ ಮೊದಲಿಂದ. ಬೆಳಿಗ್ಗೆ ತ್ಯಾಗರಾಜರ ಛಾಯೆಯ ಹಾಡು, ಮಧ್ಯಾಹ್ನ ಕ್ಯಾಬರೆ. ಎರಡಕ್ಕೂ ಕೈ ಹೊಂದಿಸ್ಕೋಬೇಕು. ಮೇಲೆ ಹೇಳಿದ ಯಾವ ಪಟ್ಟಿಯೂ ಈ ಗುಣವನ್ನ ಅಳೆಯೋದಿಲ್ಲ.

ಈ ಗುಂಪಿನಿಂದ ಹೊರಗೆ ಬಂದು ಹೆಸರಾದ ಒಬ್ಬ ಗಿಟಾರಿಸ್ಟ್ ಇದ್ದಾರೆ, ಆದರೆ ಗಿಟಾರಿಸ್ಟ್ ಅಂತ ಹೆಸರಾಗಲಿಲ್ಲ. ಅವರು ಇಳಯರಾಜ. ಮೊದಲು ಸಲಿಲ್ ಚೌಧರಿಯಂಥವರ ವಾದ್ಯವೃಂದದಲ್ಲಿ ಗಿಟಾರ್ ನುಡಿಸಿದ್ರು, ಆಮೇಲೆ ಇದೇ ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿ ಬಹಳಷ್ಟು ಕನ್ನಡ ಚಿತ್ರಗಳಿಗೆ ದುಡಿದ್ರು. 1976ರ ‘ಅನ್ನಕ್ಕಿಳಿ’ಯಿಂದ ಅವರು ಸ್ವತಂತ್ರ ಸಂಗೀತ ನಿರ್ದೇಶಕ. ಆಮೇಲೆ ಕನ್ನಡದಲ್ಲಿ ಶಂಕರ್‌ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983). ಎರಡರ ಹಾಡುಗಳನ್ನೂ ನೆನೆಸ್ಕೊಳ್ಳಿ, ಮಾತು ಮರೆತು ಹೋದ್ರೂ ಗಿಟಾರ್ ಕಿವಿಯಲ್ಲಿ ಉಳಿದಿರುತ್ತೆ. ‘ಪಲ್ಲವಿ ಅನುಪಲ್ಲವಿ’ಯ ಸಂಗೀತದ ಒಂದು ತುಣುಕು ಮುಂದೆ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಾಗಿ ದೇಶಕ್ಕೆಲ್ಲ ಕೇಳಿಸಿತು. ಜನ ಅದನ್ನ ಇಳಯರಾಜ ಅವರ ಸಂಗೀತ ಅಂದ್ರು. ಸರಿಯೇ. ಆದ್ರೆ ಅಷ್ಟೊತ್ತಿಗೆ ಗಿಟಾರ್ ಅವರ ಕೈಯಿಂದ ಬೇರೆಯವರ ಕೈಗೆ ಹೋಗಿತ್ತು.

ಹೆಸರು ವಾಪಸ್ ಬಂದ ಒಂದು ಉದಾಹರಣೆಯೂ ಇದೆ. 1982ರ ‘ಪಯಣಂಗಳ್ ಮುಡಿವದಿಲ್ಲೈ’ ಚಿತ್ರದ ‘ಇಳೈಯ ನಿಲಾ’ ಹಾಡು ತಾಳವಾಡಿಯಲ್ಲೂ ಕೇಳದವರಿಲ್ಲ. ಅದರ ಗಿಟಾರ್ ನುಡಿಸಿದವರು ಆರ್. ಚಂದ್ರಶೇಖರ್. ತಮಿಳು ಕೇಳುಗರು ಈ ಹೆಸರನ್ನ ಹುಡುಕಿ ಹಿಡಿದು ಹೇಳ್ತಾ ಬಂದಿದ್ದರಿಂದ ಇವತ್ತು ನಾನು ಇಲ್ಲಿ ಹೇಳೋಕೆ ಆಗ್ತಿದೆ. ಆ ಕೆಲಸ ಹೊದಿಕೆಯ ಮೇಲಿನ ಅಚ್ಚು ಮಾಡಿದ್ದಲ್ಲ, ಜನ ಮಾಡಿದ್ದು.

4. ‘ಇದು ರಾಕ್ ಅಲ್ಲವಲ್ಲ’

ಇಲ್ಲಿ ನ್ಯಾಯವಾದ ಆಕ್ಷೇಪ ಒಂದಿದೆ: ಸಿನಿಮಾ ಹಾಡು ರಾಕ್ ಅಲ್ಲ, ಹೋಲಿಕೆ ಯಾಕೆ? ರಾಕ್ ಬೇಕಂದ್ರೆ ಬೆಂಗಳೂರಿಗೆ ಹೋಗೋಣ. ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದ್ರು. ಊರಿನವೇ ಆದ ಬ್ಯಾಂಡುಗಳೂ ಇವೆ. ‘ಥರ್ಮಲ್ ಅಂಡ್ ಎ ಕ್ವಾರ್ಟರ್’ 1996ರಲ್ಲಿ ಶುರುವಾಯ್ತು, ಅದರ ಗಿಟಾರಿಸ್ಟ್ ಬ್ರೂಸ್ ಲೀ ಮಣಿ. ಕೊನಾರಕ್ ರೆಡ್ಡಿ ಇದ್ದಾರೆ, ಸ್ನೇಹಲತಾ ರೆಡ್ಡಿ ಮತ್ತು ಪಟ್ಟಾಭಿರಾಮ ರೆಡ್ಡಿ ಅವರ ಮಗ. ಕನ್ನಡದ ಹಾಡನ್ನೇ ಗಿಟಾರ್ ಹಿಡಿದು ಹಾಡಿದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರದ್ದು. ತಮಿಳುನಾಡಿನ ರಾಣಿಪೇಟೆಯ ಪ್ರಸನ್ನ ಕರ್ನಾಟಕ ಸಂಗೀತವನ್ನ ಗಿಟಾರಿಗೆ ತಂದು, 2006ರಲ್ಲಿ ‘ಎಲೆಕ್ಟ್ರಿಕ್ ಗಣೇಶ ಲ್ಯಾಂಡ್’ ಅಂತ ಹೆಂಡ್ರಿಕ್ಸ್‌ಗೆ ಗೌರವವಾಗಿ ಆಲ್ಬಮ್ ಮಾಡಿದ್ರು.

ಈ ಹೆಸರುಗಳು ನನಗೆ ಸುಲಭವಾಗಿ ಸಿಕ್ಕಿದ್ವು ನೋಡಿ. ಇವರು ದೊಡ್ಡವರು ಅನ್ನೋದರ ಜೊತೆಗೆ, ರಾಕ್ ಬ್ಯಾಂಡಿನ ಕಟ್ಟುಪಾಡೇ ಹೆಸರು ಬರೆಯೋದು. ನಾಲ್ಕು ಜನ, ನಾಲ್ಕು ವಾದ್ಯ, ನಾಲ್ಕು ಹೆಸರು. ಸ್ಟುಡಿಯೋ ಪದ್ಧತಿಯಲ್ಲಿ ಒಬ್ಬರ ಹೆಸರಿನ ಕೆಳಗೆ ಐವತ್ತು ಜನ. ರಾಕ್ ಗಿಟಾರಿಸ್ಟ್ ‘ದೊಡ್ಡವನು’ ಆಗೋಕೆ ಬೇಕಾದ ಮೊದಲ ಸೌಲಭ್ಯ ಇದು, ಬೆರಳಿಗಿಂತ ಮೊದಲಿನದು.

5. ಕಂಸಾಳೆಯವರ ಪಕ್ಕದಲ್ಲಿ

ಈ ಸೀಮೆಯ ಹಳೆಯ ಸಂಗೀತಕ್ಕೂ ಇದೇ ಪ್ರಶ್ನೆ ಹಾಕಬೇಕು. ಮಾದಪ್ಪನ ಒಕ್ಕಲು ಇರುವ ಕಡೆಯೆಲ್ಲ ಕಂಸಾಳೆ ಇದೆ, ಮಂಟೇಸ್ವಾಮಿ ಒಕ್ಕಲಲ್ಲಿ ನೀಲಗಾರರ ತಂಬೂರಿ ಇದೆ. ಅಲ್ಲಿ ದೊಡ್ಡವರನ್ನ ಗುರುತಿಸೋ ಬಗೆ ಬೇರೆ: ರಾತ್ರಿಯೆಲ್ಲ ಕಥೆ ಹಿಡಿದು ನಿಲ್ಲಿಸಬೇಕು, ಜನ ಎದ್ದು ಹೋಗಬಾರದು. ಅದಕ್ಕೆ ಮುಂದಿನ ಗಾಯಕ ಒಬ್ಬನೇ ಸಾಲದು. ಅವನು ಉಸಿರು ತಗೊಳ್ಳುವಾಗ ಸೊಲ್ಲು ಎತ್ತಿ ಹಿಡಿಯೋ ಹಿಮ್ಮೇಳ ಬೇಕು.

ಆದರೆ ನಮ್ಮ ವಿದ್ವಾಂಸರ ಪುಸ್ತಕಗಳು ಏನು ಮಾಡಿವೆ? ಹೆಬ್ಬಣಿ ಮಾದಯ್ಯ ಅವರ ತಂಡ ಹಾಡಿದ ಮಲೆ ಮಾದೇಶ್ವರ ಕಾವ್ಯವನ್ನ ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ್ರು. 2001ರಲ್ಲಿ ಸಾಹಿತ್ಯ ಅಕಾಡೆಮಿ ಅದರ ಇಂಗ್ಲಿಷ್ ಅನುವಾದ ತಂದಿತು. ಶೀರ್ಷಿಕೆಯಲ್ಲೇ ಗಾಯಕನ ಹೆಸರು ಇರೋದು ದೊಡ್ಡ ವಿಷಯ, ಅದಕ್ಕೆ ಮೊದಲು ‘ಜನಪದರು’ ಅಂತ ಬರೆದು ಮುಗಿಸ್ತಿದ್ರು. ಆದರೂ ಆ ಶೀರ್ಷಿಕೆ ಹೇಳೋದು ಹೆಬ್ಬಣಿ ಮಾದಯ್ಯ ಮತ್ತು ತಂಡ ಅಂತ. ಒಂದು ಹೆಸರಿಗೆ ಜಾಗ ಸಿಕ್ತು, ಉಳಿದವರು ‘ತಂಡ’ ಆದ್ರು. ಸ್ಟುಡಿಯೋದಲ್ಲಿ ಆದದ್ದಕ್ಕೂ ಇದಕ್ಕೂ ದೂರ ಬಹಳ ಇಲ್ಲ.

ಪ್ರಶ್ನೋತ್ತರ

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ‘ಸುತ್ತಿ ಬಳಸಿ ಹೇಳಿದ್ದು ಸಾಕು, ನಿಮ್ಮ ಉತ್ತರ ಯಾರು?’

ನನ್ನ ಉತ್ತರ ಹೆಂಡ್ರಿಕ್ಸ್. ಕಾರಣವನ್ನೂ ಹೇಳ್ತೀನಿ. 1967ರಲ್ಲಿ ಮೊದಲ ಆಲ್ಬಮ್, 1970ರ ಸೆಪ್ಟೆಂಬರ್ 18ಕ್ಕೆ ಸಾವು. ನಾಲ್ಕು ವರ್ಷಕ್ಕೂ ಕಮ್ಮಿ. ಆಂಪ್ಲಿಫೈಯರ್ ಊಳಿಡುವ ಸದ್ದನ್ನ ಅವರಿಗಿಂತ ಮೊದಲೂ ಕೆಲವರು ಬಳಸಿದ್ರು. ಆದ್ರೆ ಅದನ್ನ ಪಳಗಿಸಿ ರಾಗದೊಳಕ್ಕೆ ಸೇರಿಸಿದ್ದು ಅವರು. ಅವರಾದ ಮೇಲೆ ಬಂದವರು ಯಾರೂ ಆ ವಾದ್ಯವನ್ನ ಮೊದಲಿನ ಹಾಗೆ ಹಿಡಿಯಲಿಲ್ಲ. ವಾದ್ಯದ ಭಾಷೆ ಬದಲಾಯಿಸಿದವರು ದೊಡ್ಡವರು ಅನ್ನೋದು ನನ್ನ ಅಳತೆ. ನಿಮ್ಮ ಅಳತೆ ಬೇರೆ ಇದ್ರೆ ಹೆಸರೂ ಬೇರೆ ಬರುತ್ತೆ, ಅಳತೆಯನ್ನ ಮೊದಲು ಹೇಳಿ ಅಷ್ಟೆ. ‘ತಾಳವಾಡಿಯ ಕಿವಿಗಳಿಗೆ ಗಿಟಾರ್ ಕೇಳಿಸಿದವರಲ್ಲಿ ದೊಡ್ಡವರು ಯಾರು’ ಅಂತ ಕೇಳಿದ್ರೆ ಹೆಂಡ್ರಿಕ್ಸ್ ಸ್ಪರ್ಧೆಯಲ್ಲೇ ಇಲ್ಲ. ಅಲ್ಲಿ ಮದ್ರಾಸಿನ ಸ್ಟುಡಿಯೋ ವಾದಕರೇ.

ಮೇಡಂ ಕೇಳಿದ್ರು: ‘ಹೆಸರು ಹುಡುಕೋದು ಅಭಿಮಾನಿಗಳ ಕೆಲಸ, ಸಂಶೋಧನೆ ಹೇಗೆ ಆಗುತ್ತೆ?’

ಮೇಡಂ, ಹೆಸರು ಸಿಕ್ಕಿದ ಮೇಲೆ ಕೇಳಬಹುದಾದ ಪ್ರಶ್ನೆಗಳಿಂದ ಅದು ಸಂಶೋಧನೆ ಆಗುತ್ತೆ. ವಾದಕ ಯಾವ ಊರಿಂದ ಬಂದ, ಯಾರ ಹತ್ತಿರ ಕಲಿತ, ಚರ್ಚಿನಲ್ಲೋ ಪೊಲೀಸ್ ಬ್ಯಾಂಡಿನಲ್ಲೋ, ಯಾವ ಜಾತಿಯವರಿಗೆ ಆ ಬಾಗಿಲು ತೆರೆದಿತ್ತು, ಹೆಂಗಸರು ಯಾಕೆ ಕಡಿಮೆ, ಕೂಲಿ ಎಷ್ಟು, ಕೀಬೋರ್ಡ್ ಮತ್ತು ಕಂಪ್ಯೂಟರ್ ಬಂದಮೇಲೆ ಏನಾಯ್ತು. ಹೆಸರಿಲ್ಲದಿದ್ರೆ ಇವ್ಯಾವುದನ್ನೂ ಕೇಳೋಕಾಗಲ್ಲ. ಮತ್ತೆ ಇದಕ್ಕೆ ಹೊತ್ತು ಮೀರ್ತಿದೆ. 1970ರ ದಶಕದಲ್ಲಿ ಇಪ್ಪತ್ತೈದರ ವಯಸ್ಸಿನಲ್ಲಿ ನುಡಿಸಿದವರಿಗೆ ಈಗ ಎಪ್ಪತ್ತು ದಾಟಿದೆ.

ಅದಕ್ಕೆ ನನ್ನದೊಂದು ಸೂಚನೆ ಇದೆ. ತಾಳವಾಡಿ ಸುತ್ತ ನಾವು ಮಾಡಲಿರುವ ಧ್ವನಿಮುದ್ರಣದ ನಮೂನೆಯಲ್ಲಿ ಈಗ ‘ಮುಖ್ಯ ಗಾಯಕರು’, ‘ತಂಡ’ ಅಂತ ಎರಡೇ ಕಾಲಂ ಇವೆ. ‘ತಂಡ’ ತೆಗೆದು, ಕಂಸಾಳೆ, ಡಕ್ಕಿ, ಗಗ್ಗರ, ತಂಬೂರಿ, ಸೊಲ್ಲು ಹಿಡಿಯುವವರು ಅಂತ ಒಂದೊಂದಕ್ಕೂ ಸಾಲು ಹಾಕೋಣ. ಆರ್ಕೆಸ್ಟ್ರಾದವರನ್ನ ಮಾತಾಡಿಸಿದ್ರೆ ಅಲ್ಲಿ ಗಿಟಾರಿಗೂ ಒಂದು ಸಾಲು. ಒಬ್ಬರಿಗೆ ಎರಡು ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೆ. ಮುಂದಿನವರು ಇದೇ ಜಗಳ ಆಡುವಾಗ ಅವರ ಮುಂದೆ ಹೆಸರುಗಳಾದ್ರೂ ಇರ್ತವೆ.